ಭಾಷೆ ಆರಿಸುವ ಮೊದಲು ಸಾಮಗ್ರಿ ನೋಡಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ‘ಯಾವ ಭಾಷೆ ಕಲಿತರೆ ಒಳ್ಳೆಯದು, ದುಡ್ಡು ಕೊಡದೆ ಎಲ್ಲಿ ಕಲಿಯಬಹುದು’ ಎಂದು ಕೇಳುವವರು ಕೊಡಗಿನಲ್ಲೂ ಹೆಚ್ಚುತ್ತಾರೆ. ಅವರಿಗೆ ಮೊದಲು ಸಿಗುವ ಉತ್ತರ ಮೊಬೈಲಿನಲ್ಲಿ ಓಡಾಡುವ ‘ಕಲಿಯಲು ಸುಲಭವಾದ ಹತ್ತು ಭಾಷೆಗಳು’ ಎಂಬ ಪಟ್ಟಿ. ಕನ್ನಡ ಬಲ್ಲವರು ಆ ಪಟ್ಟಿ ನಂಬಿ ಭಾಷೆ ಆರಿಸಬಾರದು. ಇದನ್ನು ಹೇಳಿ, ಹಾಗಾದರೆ ಏನನ್ನು ನೋಡಿ ಆರಿಸಬೇಕು ಎಂಬುದನ್ನೂ ತಿಳಿಸೋಣ ಎಂದು ಈ ಪತ್ರ.

ಇಂಥ ಪಟ್ಟಿಗಳಲ್ಲಿ ಹೆಚ್ಚಿನವುಗಳ ಬೇರು ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗಾಗಿ ಮಾಡಿಟ್ಟ ಲೆಕ್ಕದಲ್ಲಿದೆ. ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಿಗೆ ತರಗತಿಯಲ್ಲಿ 600ರಿಂದ 750 ಗಂಟೆ, ಹಿಂದಿ, ತಮಿಳಿಗೆ ಸುಮಾರು 1,100, ಜಪಾನೀಸ್, ಕೊರಿಯನ್, ಚೀನೀ, ಅರಬ್ಬಿಗೆ 2,200. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ಇಂಗ್ಲಿಷ್ ಮನೆಮಾತಾದವರಿಗೆ. ನಮಗೆ ಅದರಲ್ಲಿ ಅರ್ಧದಷ್ಟು ತಲೆಕೆಳಗಾಗುತ್ತದೆ. ತಮಿಳು ನಮಗೆ 1,100 ಗಂಟೆಯ ಭಾಷೆ ಅಲ್ಲವೇ ಅಲ್ಲ.

ಜಪಾನೀಸನ್ನೇ ನೋಡಿ. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ತುದಿಗೆ ಅಂಟಿಕೊಳ್ಳುತ್ತದೆ, ಪ್ರಶ್ನೆ ಕೇಳಲು ವಾಕ್ಯದ ತುದಿಗೆ ಒಂದು ಅಕ್ಷರ ಸೇರಿಸಿದರೆ ಸಾಕು. ನಾವು ‘ಬರುತ್ತೀರಾ’ ಎನ್ನುವಲ್ಲಿ ಅವರು ‘ಕಿಮಾಸು ಕಾ’ ಎನ್ನುತ್ತಾರೆ. ನಾವು ‘ತಿಂದು ನೋಡು’ ಎನ್ನುವ ಜಾಗದಲ್ಲಿ ಅವರದು ‘ತಬೆತೆ ಮಿರು’. ‘ತಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು. ಇಂಗ್ಲಿಷಿನವರು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವ ಈ ಜೋಡಣೆ ನಮಗೆ ಒಂದು ಪಾಠದಲ್ಲಿ ಮುಗಿಯುತ್ತದೆ. ಅವರ ಅಕ್ಷರಮಾಲೆಯೂ ಅ-ಇ-ಉ-ಎ-ಒ, ಆಮೇಲೆ ಕ, ಸ, ತ, ನ ಎಂದು ನಮ್ಮ ಕಾಗುಣಿತದ ಜಾಡಿನಲ್ಲೇ ಹೋಗುತ್ತದೆ. ಅದಕ್ಕೆ ಎರಡು ಲಿಪಿ: ಹಿರಗಾನ 46 ಅಕ್ಷರ, ಕತಕಾನ 46, ಎರಡೂ ಸೇರಿ ಎರಡು-ಮೂರು ವಾರದ ಕೆಲಸ. ಕಷ್ಟ ಇರುವುದು ಕಾಂಜಿ ಎಂಬ ಚಿತ್ರಾಕ್ಷರಗಳಲ್ಲಿ. ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲೇ 2,136 ಚಿತ್ರಾಕ್ಷರಗಳಿವೆ, ಅದಕ್ಕೆ ಯಾವ ಕನ್ನಡವೂ ನೆರವಾಗದು. ಹಾಗಾಗಿ ಮಾತಿಗಾಗಿ ಕಲಿಯುವವರಿಗೆ ಜಪಾನೀಸ್ ಹೇಳುವಷ್ಟು ಭಯಂಕರವಲ್ಲ, ಓದಲು ಕಲಿಯುವವರು ಮಾತ್ರ ವರ್ಷಗಳ ಲೆಕ್ಕ ಹಾಕಿಕೊಳ್ಳಬೇಕು. ಜಪಾನ್ ಫೌಂಡೇಶನ್‌ನ ‘ಇರೊದೊರಿ’ ಪಠ್ಯ ಪಿಡಿಎಫ್ ಮತ್ತು ಧ್ವನಿ ಸಮೇತ ಉಚಿತವಾಗಿ ಇಳಿಸಿಕೊಳ್ಳಲು ಸಿಗುತ್ತದೆ. ಶುರುವಿಗೆ ಅದಕ್ಕಿಂತ ಒಳ್ಳೆಯದನ್ನು ಹುಡುಕುತ್ತ ಕೂರಬೇಕಾಗಿಲ್ಲ.

ಆದರೆ ಕೊಡಗಿನಲ್ಲಿ ಕೂತು ಮೊದಲ ಹೊಸ ಭಾಷೆ ಆರಿಸುವವರಿಗೆ ನಾವು ಸೂಚಿಸುವುದು ಮಲಯಾಳವನ್ನು. ಮಾಕುಟ್ಟ ದಾಟಿದರೆ ಕೇರಳದ ಇರಿಟ್ಟಿ, ಕುಟ್ಟ ದಾಟಿದರೆ ವಯನಾಡು. ಅಷ್ಟು ದೂರವೂ ಬೇಡ, ವಿರಾಜಪೇಟೆ, ಸಿದ್ದಾಪುರದ ಅಂಗಡಿಗಳಲ್ಲೇ ದಿನವಿಡೀ ಕಿವಿಗೆ ಬೀಳುತ್ತದೆ. ಮಾತಾಡಲು ಜನ ಸಿಗುವುದು ಯಾವ ಆ್ಯಪ್‌ಗಿಂತಲೂ ದೊಡ್ಡ ಉಚಿತ ಸಾಮಗ್ರಿ. ವ್ಯಾಕರಣವೂ ನಮ್ಮದಕ್ಕಿಂತ ಹಗುರ. ಬಂದೆ, ಬಂದ, ಬಂದಳು, ಬಂದರು ಎಲ್ಲದಕ್ಕೂ ಅಲ್ಲಿ ‘ವನ್ನು’ ಒಂದೇ. ನಮ್ಮ ಹಕಾರ ಅಲ್ಲಿ ಪಕಾರ: ಹಾಲು ಪಾಲ್, ಹತ್ತು ಪತ್ತ್, ಹೂವು ಪೂವ್. ನಮ್ಮ ಬಕಾರ ವಕಾರ: ಬಾ ವಾ, ಬೆಳ್ಳಿ ವೆಳ್ಳಿ, ಬೇರು ವೇರ್. ಈ ಎರಡು ಸೂತ್ರ ಹಿಡಿದರೆ ಮೊದಲ ದಿನವೇ ನೂರಾರು ಪದ ಕೈಗೆ ಬರುತ್ತವೆ.

ಎಡವುವುದು ಲಿಪಿಯಲ್ಲಿ. ‘ಮಾತು ಬಂದರೆ ಸಾಕು, ಲಿಪಿ ಯಾಕೆ’ ಎಂದು ಮಲಯಾಳವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿಯುವವರೇ ಹೆಚ್ಚು. ಆಗ ಎರಡು ಉಚ್ಚಾರ ಕೈತಪ್ಪುತ್ತವೆ. ಮೊದಲನೆಯದು ಹಳಗನ್ನಡದ ‘ೞ’. ನಮ್ಮಲ್ಲಿ ಅದು ‘ಳ’ದೊಳಗೆ ಸೇರಿಹೋಯಿತು, ಅವರಲ್ಲಿ ‘ಳ’ ಬೇರೆ, ‘ೞ’ ಬೇರೆ. ಮಳೆ ಅಲ್ಲಿ ‘ಮೞ’, ಬಾಳೆಹಣ್ಣಿನಲ್ಲಂತೂ ಅದು ಎರಡು ಸಲ ಬರುತ್ತದೆ: ‘ವಾೞಪ್ಪೞಂ’. ಇನ್ನೊಂದು, ಎರಡು ‘ಱ’ ಒಟ್ಟಿಗೆ ಬರೆದಾಗ ಬರುವ ಧ್ವನಿ. ಬರಹದಲ್ಲಿ ರಕಾರ, ಬಾಯಲ್ಲಿ ಟಕಾರ. ಅದೂ ನಮ್ಮ ‘ಟ್ಟ’ ಅಲ್ಲ. ನಾಲಿಗೆ ಮೇಲಕ್ಕೆ ಮಡಚದೆ, ತುದಿ ಹಲ್ಲಿನ ಬುಡದ ವಸಡಿಗೆ ತಾಗಬೇಕು. ಕನ್ನಡದಲ್ಲಿ ಬರೆದುಕೊಂಡವರಿಗೆ ಇದು ವರ್ಷವಾದರೂ ಬರುವುದಿಲ್ಲ. ವರ್ಗಾಕ್ಷರದ ಕ್ರಮ ನಮ್ಮದೇ ಆದ್ದರಿಂದ ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಕೊಟ್ಟರೆ ಲಿಪಿ ಮುಗಿಯುತ್ತದೆ. ಮೊದಲು ಅದನ್ನೇ ಮುಗಿಸಿ.

ಮಲಯಾಳಕ್ಕೆ ಕನ್ನಡಿಗರಿಗೆಂದೇ ಒದಗಿಬಂದಿರುವ, ಯಾರೂ ಅಷ್ಟಾಗಿ ಬಳಸದ ಸಾಮಗ್ರಿಯೊಂದಿದೆ. ಕೇರಳದ ಶಾಲಾ ಪಠ್ಯಗಳು ಮಲಯಾಳದಲ್ಲಷ್ಟೇ ಅಲ್ಲ, ಕಾಸರಗೋಡಿನ ಮಕ್ಕಳಿಗಾಗಿ ಕನ್ನಡದಲ್ಲೂ ಅಚ್ಚಾಗುತ್ತವೆ. ಎರಡರ ಪಿಡಿಎಫ್‌ಗಳೂ ಉಚಿತ. 4ನೇ ತರಗತಿಯ ಪರಿಸರ ಅಧ್ಯಯನದ ಎರಡು ಪ್ರತಿ ಇಳಿಸಿಕೊಂಡು ಒಂದೇ ಪಾಠವನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಮೊದಲು ಕನ್ನಡದ ಒಂದು ಪ್ಯಾರಾ, ಆಮೇಲೆ ಅದೇ ಮಲಯಾಳದಲ್ಲಿ. ಗುರುತು ಸಿಕ್ಕ ಪದಕ್ಕೆ ಅಡಿಗೆರೆ, ಸಿಗದ್ದರಲ್ಲಿ ಐದನ್ನು ಮಾತ್ರ ಬರೆದುಕೊಳ್ಳುವುದು. ಒಂದೇ ಎಚ್ಚರಿಕೆ: ಅಲ್ಲಿ 2024ರಿಂದ ಪಠ್ಯಗಳು ಹಂತಹಂತವಾಗಿ ಬದಲಾಗಿವೆ. ಎರಡೂ ಪ್ರತಿ ಒಂದೇ ಆವೃತ್ತಿಯವು ಎಂದು ಖಚಿತಪಡಿಸಿಕೊಳ್ಳದಿದ್ದರೆ ಪಾಠಕ್ಕೆ ಪಾಠ ಹೊಂದುವುದಿಲ್ಲ, ತಪ್ಪು ತನ್ನದೇ ಎಂದುಕೊಂಡು ಕಲಿಯುವವರು ಬಿಟ್ಟುಬಿಡುತ್ತಾರೆ.

ನಿಘಂಟಿಗೆ ಸದ್ಯಕ್ಕೆ ಸುತ್ತು ದಾರಿ. ಕನ್ನಡ-ಇಂಗ್ಲಿಷ್‌ಗೆ ‘ಅಲರ್’, ಇಂಗ್ಲಿಷ್-ಮಲಯಾಳಕ್ಕೆ ‘ಓಳಂ’. ಎರಡೂ ಉಚಿತ, ಎರಡೂ ಚೊಕ್ಕ. ಯಂತ್ರಾನುವಾದದಲ್ಲಿ ಇಡೀ ವಾಕ್ಯ ಹಾಕಿ ನಂಬಬೇಡಿ. ಇಂಗ್ಲಿಷಿನ ಮೂಲಕ ಹಾದು ಬಂದರೆ ನೀನು-ನೀವು ವ್ಯತ್ಯಾಸ ದಾರಿಯಲ್ಲೇ ಉದುರಿ, ಹಿರಿಯರನ್ನು ಏಕವಚನದಲ್ಲಿ ಮಾತಾಡಿಸಿದಂತಾಗುತ್ತದೆ.

ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಕಲಿಯಬೇಕೆನ್ನುವವರ ಪಾಡು ಬೇರೆ. ಜನ ಪಕ್ಕದಲ್ಲೇ ಇದ್ದಾರೆ, ಹೊಸಬರಿಗೆ ಸಾಮಗ್ರಿ ಕಡಿಮೆ. 2011ರ ಜನಗಣತಿಯಲ್ಲಿ ಇದನ್ನು ಮಾತೃಭಾಷೆ ಎಂದವರು ಲಕ್ಷಕ್ಕೆ ಸ್ವಲ್ಪ ಮೇಲೆ. ಕ್ಯಾಪ್ಟನ್ ಕೋಲ್ 1867ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಟ್ಟ ವ್ಯಾಕರಣ ಹಕ್ಕುಸ್ವಾಮ್ಯ ಮುಗಿದು ಇಂಟರ್ನೆಟ್ ಆರ್ಕೈವ್‌ನಲ್ಲಿದೆ. ಕ್ರಿಯಾರೂಪಗಳಿಗೆ ಅದು ಈಗಲೂ ಉಪಯೋಗಕ್ಕೆ ಬರುತ್ತದೆ, ಉಚ್ಚಾರಕ್ಕೆ ಬಾರದು. ಕನ್ನಡದಲ್ಲಿ ಹ್ರಸ್ವ-ದೀರ್ಘ ಐದೈದು ಸ್ವರಗಳಾದರೆ ಕೊಡವದಲ್ಲಿ ಏಳೇಳು. ಹೆಚ್ಚಿನ ಎರಡು ಜೋಡಿಗೆ ಕನ್ನಡ ಲಿಪಿಯಲ್ಲಿ ಅಕ್ಷರವೇ ಇಲ್ಲ. ಪುಸ್ತಕ ನೋಡಿ ಕಲಿತವರ ಕೊಡವ ಅದಕ್ಕೇ ಕನ್ನಡದಂತೆ ಕೇಳಿಸುವುದು. ಇಲ್ಲಿ ಕಿವಿ ಮೊದಲು, ಪುಸ್ತಕ ಆಮೇಲೆ. ಮಡಿಕೇರಿ ಆಕಾಶವಾಣಿಯ ಕೊಡವ, ಅರೆಭಾಷೆ ಕಾರ್ಯಕ್ರಮಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಎರಡು ನಿಮಿಷದ ತುಂಡು ಮಾಡಿ, ಭಾಷೆ ಬಲ್ಲವರೊಬ್ಬರನ್ನು ಕೂರಿಸಿ ಬರೆಸಿಕೊಳ್ಳುವುದೇ ಸದ್ಯಕ್ಕೆ ಇರುವ ಒಳ್ಳೆಯ ಉಪಾಯ.

ತೋಟದಲ್ಲಿ ಅಸ್ಸಾಂ ಕಡೆಯ ಕೆಲಸಗಾರರಿದ್ದಾರೆ ಎಂದು ಹಿಂದಿ ಶುರು ಮಾಡುವವರಿಗೆ ಒಂದೇ ಮಾತು: ಮೊದಲು ಅವರ ಮನೆಮಾತು ಯಾವುದೆಂದು ಕೇಳಿ. ಬಹಳ ಕಡೆ ಅದು ಬಂಗಾಳಿಯೋ ಅಸ್ಸಾಮಿಯೋ ಆಗಿರುತ್ತದೆ, ಹಿಂದಿ ಅವರಿಗೂ ಎರವಲು ಭಾಷೆ. ಕೇಂದ್ರ ಶಿಕ್ಷಣ ಇಲಾಖೆಯ ‘ಭಾಷಾ ಸಂಗಮ’ ಆ್ಯಪ್‌ನಲ್ಲಿ 22 ಅನುಸೂಚಿತ ಭಾಷೆಗಳ ನೂರು ದಿನಬಳಕೆಯ ವಾಕ್ಯಗಳು ಸಿಗುತ್ತವೆ. ತೋಟದ ಮಾತುಕತೆ ಶುರು ಮಾಡಲು ಅಷ್ಟು ಸಾಕು. ಜರ್ಮನ್ ಬೇಕೆನ್ನುವವರು ಹೆಚ್ಚಾಗಿ ನರ್ಸಿಂಗ್ ಓದಿದವರು. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆಯ ‘ನಿಕೋಸ್ ವೆಗ್’ ಪಾಠಗಳು ಎ1 ಎಂಬ ಆರಂಭದ ಮಟ್ಟದಿಂದ ಬಿ1 ಎಂಬ ನಡುಮಟ್ಟದವರೆಗೆ ಪೂರ್ತಿ ಉಚಿತ, ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮದ್ರಾಸಿನ ಪಾಠಗಳಿವೆ. ಆದರೆ ಅಲ್ಲಿ ನರ್ಸ್ ಆಗಿ ನೋಂದಣಿಗೆ ಸಾಮಾನ್ಯವಾಗಿ ಕೇಳುವುದು ಅದಕ್ಕಿಂತ ಮೇಲಿನ ಬಿ2. ಬರಹ ಮತ್ತು ಮಾತನ್ನು ತಿದ್ದುವವರಿಲ್ಲದೆ ಉಚಿತ ಪಾಠ ಒಂದರಿಂದಲೇ ಆ ಮಟ್ಟ ಮುಟ್ಟುವುದು ಬಹಳ ಕಷ್ಟ. ಪರೀಕ್ಷೆಗೂ ಶುಲ್ಕ ಬೇರೆ. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಯಾವುದೇ ಭಾಷೆ ಮನಸ್ಸಿಗೆ ಬಂದರೂ ನಾಲ್ಕು ಇವೆಯೇ ನೋಡಿ: ಧ್ವನಿಯಿರುವ ಆರಂಭಿಕ ಪಠ್ಯ ಒಂದು, ನಂಬಬಹುದಾದ ನಿಘಂಟು, ಕೇಳಿದ್ದನ್ನೇ ಓದಿ ತಾಳೆ ನೋಡಲು ಸಿಗುವ ಆಡಿಯೊ, ತಿಂಗಳಿಗೆ ಎರಡು ಸಲವಾದರೂ ಮಾತಾಡಲು ಒಬ್ಬ ಮನುಷ್ಯ. ಮೂರು ಇದ್ದರೆ ಶುರು ಮಾಡಬಹುದು. ಎರಡೇ ಇದ್ದರೆ ಎಷ್ಟು ಆಸೆಯಿದ್ದರೂ ಅದು ಎರಡನೆಯ ಹೊಸ ಭಾಷೆಯಾಗಿರಲಿ.

‘ಉಚಿತ’ದಲ್ಲೂ ಜಾತಿಗಳಿವೆ. ಹಕ್ಕುಸ್ವಾಮ್ಯ ಮುಗಿದದ್ದು ಅಥವಾ ಮುಕ್ತ ಪರವಾನಗಿಯದ್ದು ಇಳಿಸಿಕೊಂಡು ಹಂಚಬಹುದು. ಮೇಲೆ ಹೇಳಿದ ಅಮೆರಿಕದ ಸಂಸ್ಥೆಯ ಹಳೆಯ ಪಾಠಗಳು ಹೀಗೆ ಸಾರ್ವಜನಿಕ ಸ್ವತ್ತು. ಇನ್ನು ಕೆಲವನ್ನು ನೋಡಲು ಮಾತ್ರ ದುಡ್ಡಿಲ್ಲ, ಹಂಚುವಂತಿಲ್ಲ. ಎಚ್ಚರ ಬೇಕಾದದ್ದು ‘ಏಳು ದಿನ ಉಚಿತ’ ಎಂಬುದರಲ್ಲಿ. ಒಂದೆರಡು ರೂಪಾಯಿಗೆ ಯುಪಿಐ ಆಟೋಪೇ ಒಪ್ಪಿಗೆ ಪಡೆದು ಎಂಟನೆಯ ದಿನ ವರ್ಷದ ಚಂದಾ ಎಳೆದುಕೊಳ್ಳುವವುಗಳಿವೆ. ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪಟ್ಟಿಯಲ್ಲಿ ರದ್ದು ಮಾಡಿ, ಯುಪಿಐ ಆ್ಯಪ್‌ನ ಆಟೋಪೇ ವಿಭಾಗವನ್ನೂ ಒಮ್ಮೆ ನೋಡಬೇಕು.

ನಮ್ಮ ಮಳೆಗಾಲವನ್ನೂ ಮರೆಯುವಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು, ನೆಟ್‌ವರ್ಕ್ ನಂಬಿ ಕೂತ ಕಲಿಕೆ ಎರಡನೆಯ ವಾರಕ್ಕೇ ನಿಲ್ಲುತ್ತದೆ. ನೆಟ್ ಇಲ್ಲದಿದ್ದರೂ ನಡೆಯುವ ಪಠ್ಯವನ್ನೇ ಮುಖ್ಯವಾಗಿಟ್ಟುಕೊಳ್ಳಿ. 64 ಕೆಬಿಪಿಎಸ್‌ನ ಎಂಪಿ3 ಆದರೆ ಗಂಟೆಗೆ ಸುಮಾರು 29 ಎಂಬಿ, ನೂರು ಗಂಟೆಯ ಪಾಠ 3 ಜಿಬಿಯೊಳಗೆ ಮುಗಿಯುತ್ತದೆ. ಮಾತು ಕೇಳಲು ಆ ಗುಣಮಟ್ಟ ಧಾರಾಳ ಸಾಕು. ಪದ ನೆನಪಿಗೆ, ಒಂದು ಬದಿ ಪ್ರಶ್ನೆ ಇನ್ನೊಂದು ಬದಿ ಉತ್ತರ ಇರುವ ಚೀಟಿಗಳನ್ನು ಆಗಾಗ ಮರಳಿ ತೋರಿಸುವ ‘ಅಂಕಿ’ (Anki) ಎಂಬ ತಂತ್ರಾಂಶ ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನಿನಲ್ಲಿ ದುಡ್ಡು. ಅದರಲ್ಲಿ ದಿನಕ್ಕೆ 20 ಹೊಸ ಚೀಟಿ ಎಂದು ಮೊದಲೇ ಹೊಂದಿಸಿರುತ್ತದೆ. ಇಳಿಸಿದ ಕೂಡಲೇ ಅದನ್ನು 8ಕ್ಕೆ ತನ್ನಿ. ದಿನಕ್ಕೆ 20 ಹೊಸದಾದರೆ ಹಳೆಯವು ಮರಳಿ ಬರುತ್ತ, ತಿಂಗಳೊಪ್ಪತ್ತಿನಲ್ಲಿ ದಿನಕ್ಕೆ ನೂರೈವತ್ತಕ್ಕೂ ಹೆಚ್ಚು ಚೀಟಿ ಗುಡ್ಡೆ ಬೀಳುತ್ತವೆ. ಕಾಫಿ ಕೊಯ್ಲಿನ ದಿನಗಳಲ್ಲಿ ನಾಲ್ಕು ದಿನ ತಪ್ಪಿತೋ, ಆ ಗುಡ್ಡೆ ನೋಡಿಯೇ ಜನ ಓಡಿಹೋಗುತ್ತಾರೆ. ಬಿಡಿ ಪದಕ್ಕಿಂತ ನಾಲ್ಕೈದು ಪದದ ವಾಕ್ಯವನ್ನು ಚೀಟಿಯಲ್ಲಿ ಬರೆದರೆ ವಿಭಕ್ತಿಯೂ ಜೊತೆಗೇ ಬರುತ್ತದೆ.

ಯಾವ ಭಾಷೆ ಎಂದು ಗಟ್ಟಿ ಮಾಡಿಕೊಳ್ಳುವ ಮೊದಲು 14 ದಿನ, ದಿನಕ್ಕೆ 20 ನಿಮಿಷ ಪರೀಕ್ಷೆ ಮಾಡಿ. ಐದಾರು ಸಾಲಿನ ಒಂದೇ ಸಂಭಾಷಣೆ ತೆಗೆದುಕೊಳ್ಳಿ. ಬರಹ ನೋಡದೆ ಐದು ಸಲ ಕೇಳಿ, ಆಮೇಲೆ ಬರಹ ನೋಡುತ್ತ ಕೇಳಿ, ಆಮೇಲೆ ಜೊತೆಜೊತೆಗೇ ಹೇಳಿ. ಕೊನೆಯ ಮೂರು ದಿನ ನಿಮ್ಮ ದನಿ ಫೋನಿನಲ್ಲಿ ಮುದ್ರಿಸಿ ಮೂಲದೊಂದಿಗೆ ಹೋಲಿಸಿ. ಹದಿನಾಲ್ಕರಲ್ಲಿ ನಾಲ್ಕಕ್ಕಿಂತ ಹೆಚ್ಚು ದಿನ ತಪ್ಪಿದ್ದರೆ ಭಾಷೆ ತಪ್ಪಾಗಿರಬಹುದು, ಹೊತ್ತೂ ತಪ್ಪಾಗಿರಬಹುದು. ಮೊದಲು ಹೊತ್ತು ಬದಲಿಸಿ ನೋಡಿ. ಪಠ್ಯವನ್ನಂತೂ ಬದಲಿಸಬೇಡಿ. ಐದು ಪುಸ್ತಕಗಳ ಮೊದಲ ಮೂರು ಪಾಠದ ಪಂಡಿತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ನಾಲ್ಕನೆಯ ಪಾಠ ಕಂಡವರೇ ಕಡಿಮೆ.

ಇಷ್ಟಕ್ಕೆಲ್ಲ ಮನೆಯಲ್ಲಿ ಕಂಪ್ಯೂಟರು, ಒಳ್ಳೆಯ ಇಂಟರ್ನೆಟ್ ಎಲ್ಲರಿಗೂ ಇರುವುದಿಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಊರಿನ ಗ್ರಂಥಾಲಯ) ಕಂಪ್ಯೂಟರ್ ಇರುವಲ್ಲೆಲ್ಲ ‘ಭಾಷೆ’ ಎಂಬ ಒಂದು ಫೋಲ್ಡರ್ ಇಡುವಂತೆ ಜಿಲ್ಲಾ ಪಂಚಾಯಿತಿ ಸೂಚಿಸಬೇಕು. ಹಂಚಲು ಅನುಮತಿಯಿರುವ ಪಠ್ಯ ಮತ್ತು ಆಡಿಯೊ ಅದರಲ್ಲಿರಲಿ, ಉಳಿದವಕ್ಕೆ ಲಿಂಕಿನ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಲಿ. ಇಡೀ ಜಿಲ್ಲೆಗೆ ಬೇಕಾದದ್ದನ್ನು 32 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ ಊರೂರಿಗೆ ಒಯ್ಯಬಹುದು. ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳಲ್ಲಿ ನಮ್ಮದು ಒಂದು ಕೋರಿಕೆ: ಭಾಷೆಗೆ 500 ದಿನಬಳಕೆಯ ವಾಕ್ಯ ಆರಿಸಿ, ಹೆಣ್ಣು-ಗಂಡು, ಹಿರಿಯರು-ಕಿರಿಯರು ಎಂದು ನಾಲ್ಕು ದನಿಗಳಲ್ಲಿ ಮುದ್ರಿಸಿ, ಕನ್ನಡ ಅರ್ಥದೊಂದಿಗೆ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಲಿ. ವಾಕ್ಯಕ್ಕೆ ನಾಲ್ಕು ಸೆಕೆಂಡು ಹಿಡಿದರೂ ಒಬ್ಬರ ದನಿಗೆ ಮುಗಿಸಿದ ಆಡಿಯೊ 35 ನಿಮಿಷ ಮೀರುವುದಿಲ್ಲ.

— ಇಬ್ಬರು ಭಾಷಾ ಬೋಧಕರು, ವಿರಾಜಪೇಟೆ