ಸೋಮವಾರ ಮುಚ್ಚಿರುವ ಪಾರ್ಕಿಗೆ ಸೋಮವಾರವೇ ಟೂರ್: ಹಣ ವಾಪಸ್ ಕೋರಿ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಅಂಡಮಾನ್ ಪ್ಯಾಕೇಜ್‌ನಲ್ಲಿ ಜಾಲಿ ಬಾಯ್ ದ್ವೀಪ ತೋರಿಸದೆ, ಹವಾಮಾನದ ನೆಪ ಹೇಳಿದ್ದು

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ನಮ್ಮ ಮನೆಯವರೆಲ್ಲ ನಿಮ್ಮ ಅಂಡಮಾನ್ ಪ್ಯಾಕೇಜ್‌ನಲ್ಲಿ ಹೋಗಿ ಬಂದೆವು. ಹೋಟೆಲ್, ಊಟ ಚೆನ್ನಾಗಿತ್ತು. ತಕರಾರಿರುವುದು ಜಾಲಿ ಬಾಯ್ ದ್ವೀಪದ್ದು.

ಈ ದ್ವೀಪ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಉದ್ಯಾನಕ್ಕೆ ಸೋಮವಾರ ರಜೆ. ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಮಾತ್ರ "ಸೋಮವಾರ: ಜಾಲಿ ಬಾಯ್, ಗ್ಲಾಸ್ ಬಾಟಮ್ ಬೋಟ್" ಅಂತ ದಪ್ಪಕ್ಷರದಲ್ಲಿದೆ. ಮೈಸೂರು ಝೂಗೆ ಮಂಗಳವಾರ ರಜೆ ಅಂತ ನಮ್ಮೂರಿನ ಆಟೋದವರೆಲ್ಲರಿಗೂ ಗೊತ್ತು. ಅಂಡಮಾನ್ ಟೂರನ್ನೇ ಮಾರುವ ನಿಮಗೆ ಇಷ್ಟು ಗೊತ್ತಿರಬೇಡವೇ?

ನಮ್ಮಮ್ಮನಿಗೆ ಮಂಡಿ ನೋವು, ನೀರಿಗೆ ಇಳಿಯೋಕಾಗಲ್ಲ. ಗಾಜಿನ ತಳದ ದೋಣಿಯಲ್ಲಿ ಕೂತೇ ಹವಳ ನೋಡಬಹುದು ಅಂತ ನಿಮ್ಮ ಆಫೀಸಿನವರು ಹೇಳಿದ್ದಕ್ಕೇ ಈ ಪ್ಯಾಕೇಜ್ ತೆಗೆದುಕೊಂಡೆವು. ದ್ವೀಪಕ್ಕೆ ಪ್ಲಾಸ್ಟಿಕ್ ಬಿಡಲ್ಲ ಅಂತ ಅಮ್ಮ ಹಿಂದಿನ ರಾತ್ರಿಯೇ ಚಕ್ಕುಲಿಯನ್ನೆಲ್ಲ ಕವರಿನಿಂದ ಸ್ಟೀಲ್ ಡಬ್ಬಿಗೆ ಹಾಕಿಟ್ಟಿದ್ದರು. ಬೆಳಗ್ಗೆ ಕಾರು ಹತ್ತಿದ ಮೇಲೆ ಡ್ರೈವರ್ ಕೇಳಿದರು: "ಇವತ್ತು ಸೋಮವಾರ, ಬೋಟೇ ಇಲ್ಲ. ನಿಮಗೆ ಯಾರೂ ಹೇಳಲಿಲ್ವಾ?"

ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿದರೆ, "ವಂಡೂರು ಬೀಚ್ ನೋಡಿ ಸಾರ್, ಎಲ್ಲಾ ಒಂದೇ ಸಮುದ್ರ ಅಲ್ವಾ" ಎಂದರು. ಬೀಚಿನಲ್ಲಿ ನಮ್ಮನ್ನು ಮೊದಲು ಎದುರುಗೊಂಡಿದ್ದು ಮೊಸಳೆ ಇದೆ, ಹುಷಾರ್ ಎಂಬ ಬೋರ್ಡು. ಬಲೆ ಕಟ್ಟಿದ ಜಾಗ ಬಿಟ್ಟು ಬೇರೆಲ್ಲೂ ನೀರಿಗಿಳಿಯುವ ಹಾಗಿಲ್ಲ. ಅಮ್ಮ ಮರದ ನೆರಳಲ್ಲಿ ಕೂತು ಚಕ್ಕುಲಿ ಹಂಚಿದರು. ಹವಳ ಯಾರಿಗೂ ಕಾಣಲಿಲ್ಲ. ಮರುದಿನ ಹ್ಯಾವ್ಲಾಕ್ ದ್ವೀಪಕ್ಕೆ ಹೋಗುವ ಹಡಗಿಗೆ ನೀವೇ ಟಿಕೆಟ್ ಮಾಡಿಸಿದ್ದರಿಂದ ಜಾಲಿ ಬಾಯ್ ಮುಂದೂಡಲೂ ಆಗಲಿಲ್ಲ.

ಇಷ್ಟೇ ಆಗಿದ್ದರೆ ಎಡವಟ್ಟು ಅಂತ ಬಿಟ್ಟುಬಿಡುತ್ತಿದ್ದೆವೇನೋ. ಹಣ ವಾಪಸ್ ಕೇಳಿದ್ದಕ್ಕೆ "ಹವಾಮಾನ ಸರಿಯಿಲ್ಲದೆ ದೋಣಿ ರದ್ದಾಯಿತು, ನಿಯಮದಂತೆ ಮರುಪಾವತಿ ಇಲ್ಲ" ಎಂದು ಮೇಲ್ ಕಳಿಸಿದ್ದೀರಿ. ಇದು ಹಸಿ ಸುಳ್ಳು. ಅವತ್ತು ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಫೋಟೋಗಳನ್ನು, ನಿಮ್ಮ ಪ್ರತಿನಿಧಿಯ ವಾಟ್ಸಾಪ್ ಮೆಸೇಜನ್ನು ಲಗತ್ತಿಸಿದ್ದೇನೆ. "ಸೋಮವಾರ ಕ್ಲೋಸ್ ಅಂತ ಈಗ ಗೊತ್ತಾಯ್ತು, ಸಾರಿ" ಅಂತ ಅವರೇ ಬರೆದಿದ್ದಾರೆ. ಸಮುದ್ರ ನಿಜವಾಗಿ ಕೆರಳಿದ್ದರೆ ನಾವೇ ದೋಣಿ ಹತ್ತುತ್ತಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ಜಾಹೀರಾತಿನಲ್ಲಿ ಜಾಲಿ ಬಾಯ್ "ವರ್ಷವಿಡೀ" ಅಂತಿದೆ. ಮಳೆಗಾಲದಲ್ಲಿ ಅದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪ ತೆರೆಯುತ್ತಾರೆ. ಆ ಸಾಲನ್ನೂ ತಿದ್ದಿ, ಜೂನ್‌ನಲ್ಲಿ ಹೋಗುವವರಾದರೂ ಬಚಾವಾಗಲಿ.

ನಾವು ಕೇಳುವುದಿಷ್ಟು. ಜಾಲಿ ಬಾಯ್‌ಗೆಂದು ಪಡೆದ ಪ್ರವೇಶ ಶುಲ್ಕ, ದೋಣಿ ಮತ್ತು ಗ್ಲಾಸ್ ಬೋಟ್ ಹಣವನ್ನು ಎಲ್ಲರ ಲೆಕ್ಕದಲ್ಲೂ ವಾಪಸ್ ಕೊಡಿ. ಯಾವುದಕ್ಕೆ ಎಷ್ಟು ಎಂಬ ವಿವರ ಬರಹದಲ್ಲಿರಲಿ. ಹವಾಮಾನದ ಕಾರಣ ಹಿಂಪಡೆದು ಇನ್ನೊಂದು ಮೇಲ್ ಕಳಿಸಿ. ಮುಂದಿನ ಟೂರಿಗೆ ಡಿಸ್ಕೌಂಟ್ ಕೂಪನ್ ಬೇಡ.

15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವಿರುವ ಊರಿನಲ್ಲೇ ದೂರು ಕೊಡಬಹುದು. ಆಗ ಮೈಸೂರಿಗೆ ಓಡಾಡಬೇಕಾದವರು ನೀವು.

ಇಂತಿ,
ನಿಮ್ಮ ಗ್ರಾಹಕ
ಮೈಸೂರು