ಶನಿವಾರದ ಸಫೊಕ್ ಪ್ರವಾಸ: ಸಟನ್ ಹೂ ಮತ್ತು ಮಾರ್ಟೆಲೊ ಗೋಪುರಗಳು

ಎಲ್ಲರಿಗೂ ನಮಸ್ಕಾರ. ರೈಲಿನಲ್ಲಿ ಬರುವವರು ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಹೊರಟು ಇಪ್ಸ್‌ವಿಚ್‌ನಲ್ಲಿ ಗಾಡಿ ಬದಲಿಸಿ ಮೆಲ್ಟನ್‌ನಲ್ಲಿ ಇಳಿಯಿರಿ. ಅಲ್ಲಿಂದ ಪ್ರಾಚೀನ ಸಮಾಧಿ ದಿಬ್ಬಗಳಿರುವ ಸಟನ್ ಹೂಗೆ ಸುಮಾರು 2 ಕಿ.ಮೀ. ನಡಿಗೆ.

ಸಟನ್ ಹೂನಲ್ಲಿ ಹಡಗು ಕಾಣುತ್ತದೆ ಎಂದುಕೊಂಡು ಬಂದರೆ ನಿರಾಸೆಯಾಗುತ್ತದೆ. ಏಳನೇ ಶತಮಾನದ ಆರಂಭದಲ್ಲಿ ಸಮಾಧಿಯಾಗಿ ಹೂತಿದ್ದ, ಸುಮಾರು 27 ಮೀಟರ್ ಉದ್ದದ ಆ ಹಡಗಿನ ಮರವನ್ನು ಆಮ್ಲೀಯ ಮರಳು ಪೂರ್ತಿ ತಿಂದುಹಾಕಿತ್ತು. 1939ರಲ್ಲಿ ಅಗೆದಾಗ ಸಿಕ್ಕಿದ್ದು ಮರಳಿನಲ್ಲಿ ಮೂಡಿದ ಅಚ್ಚು ಮತ್ತು ಸಾಲುಸಾಲು ತುಕ್ಕು ಹಿಡಿದ ಕಬ್ಬಿಣದ ಮೊಳೆಗಳು. ಆ ಸಾಲುಗಳೇ ಹಲಗೆಗಳ ಜೋಡಣೆಯನ್ನು ಹೇಳಿಕೊಟ್ಟವು. ನಮಗೆ ಇದೇ ಅಲ್ಲಿನ ದೊಡ್ಡ ಸೋಜಿಗ. ಆ ಸಮಾಧಿಯಲ್ಲಿ ಸಿಕ್ಕ ಮೂಲ ಶಿರಸ್ತ್ರಾಣ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಇಲ್ಲಿರುವುದು ಪ್ರತಿಕೃತಿ. ಮೊದಲು ವೀಕ್ಷಣಾ ಗೋಪುರ ಹತ್ತಿ: ನೆಲದಿಂದ ಬರೀ ಹುಲ್ಲುದಿಬ್ಬಗಳಂತೆ ಕಾಣುವ ಸಮಾಧಿಗಳ ವಿನ್ಯಾಸ ಮೇಲಿನಿಂದಲೇ ತಿಳಿಯುವುದು.

ಮಧ್ಯಾಹ್ನ ಮಾರ್ಟೆಲೊ ಗೋಪುರಗಳನ್ನು ನೋಡಲು ಕಾರುಗಳಲ್ಲಿ ಸಮುದ್ರದಂಡೆಯ ಶಿಂಗಲ್ ಸ್ಟ್ರೀಟ್‌ಗೆ. ನೆಪೋಲಿಯನ್ ದಾಳಿಯ ಭಯದಿಂದ ಕಟ್ಟಿದ ಇಟ್ಟಿಗೆಯ ಗೋಪುರಗಳಿವು. ಸಮುದ್ರದ ಕಡೆಯ ಗೋಡೆ ಹೆಚ್ಚು ದಪ್ಪ, ಬಾಗಿಲು ನೆಲಕ್ಕಿಂತ ಮೇಲೆ, ಫಿರಂಗಿಗಳು ಚಾವಣಿಯಲ್ಲಿ. ಕೆಲವು ಈಗ ಜನ ವಾಸಿಸುವ ಮನೆಗಳು, ಹೊರಗಿನಿಂದಲೇ ನೋಡಿ.

ಅಲ್ಲಿ ದಡವೆಲ್ಲ ನುಣುಪು ಕಲ್ಲು. ಕಾಲು ಹೂತು ಜಾರುತ್ತದೆ, 1 ಕಿ.ಮೀ. ನಡೆಯಲು ಇಮ್ಮಡಿ ಸಮಯ ಹಿಡಿಯುತ್ತದೆ. ಪಾದದ ಗಂಟು ಮುಚ್ಚುವ ಬೂಟು ಹಾಕಿ. ನೀರಿಗಿಳಿಯಬೇಡಿ, ದಡ ತಟ್ಟನೆ ಆಳವಾಗುತ್ತದೆ, ಸೆಳೆತವೂ ಜೋರು. ಅಂಗಡಿ ಇಲ್ಲ, ಬುತ್ತಿ-ನೀರು ತನ್ನಿ. ಗಾಳಿಗೆ ಛತ್ರಿ ನಿಲ್ಲದು, ರೇನ್‌ಕೋಟ್ ಇರಲಿ. ಕಾರಿನಲ್ಲಿ ಜಾಗ ಬೇಕಾದವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಬರೆಯಿರಿ.