ಹಳೆಯ ಸಂಘದ ಮನೆಯ ಬೀಗ ತೆಗೆಸಿಕೊಡಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮೂರಿಗೆ ಬಂದಾಗ ಹೊಸ ಸಮುದಾಯ ಭವನ ಕಟ್ಟಿಸಿಕೊಡುತ್ತೇನೆ ಅಂದಿರಿ. ಜನ ಚಪ್ಪಾಳೆ ತಟ್ಟಿದರು. ನನಗೆ ಮನಸ್ಸು ಬರಲಿಲ್ಲ. ನೀವು ಮೈಕ್ ಹಿಡಿದು ನಿಂತಿದ್ದ ಜಾಗದ ಹಿಂದೆಯೇ, ಹಾಲಿನ ಡೈರಿ ಪಕ್ಕ, ನಮ್ಮ ಹಳೆಯ ಸಂಘದ ಮನೆ ಇದೆ. ಅದಕ್ಕೆ ಬೀಗ ಬಿದ್ದು ಆರು ವರ್ಷ ಆಯಿತು.

1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ನಮ್ಮ ತಾತ ನಡೆದೇ ಹೋಗಿ ಬಂದಿದ್ದರು. ಊರವರು ಕೂತು ಮಾತಾಡಲು ಒಂದು ಜಾಗ ಬೇಕು ಅನ್ನೋದು ಆ ತಲೆಮಾರಿನ ಹಟ. ವಂತಿಗೆ ಎತ್ತಿ ಕಟ್ಟಿದರು. ಆ ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲಿದೆ. ಒಬ್ಬರ ಹೆಸರಿನ ಮುಂದೆ ಎಂಟಾಣೆ, ಇನ್ನೊಬ್ಬರದಕ್ಕೆ ‘ನಾಲ್ಕು ಸೇರು ರಾಗಿ’, ಅದರ ಕೆಳಗೆ ‘ಎರಡು ದಿನ ಗಾಡಿ, ಮಣ್ಣು ಹೊಡೆದದ್ದು’. ಹೆಬ್ಬೆಟ್ಟಿನ ಗುರುತುಗಳೇ ಜಾಸ್ತಿ.

ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ ಆಕಾಶವಾಣಿ ನಮ್ಮೂರಿನ ಕಿವಿಗೆ ಬಿದ್ದದ್ದು ಎಷ್ಟೋ ವರ್ಷದ ಮೇಲೆ, ಪಂಚಾಯಿತಿ ರೇಡಿಯೊ ಬಂದಾಗ. ಸಂಜೆ ಊರೇ ಸೇರುತ್ತಿತ್ತು. ಕೇರಿಯವರು ಮಾತ್ರ ಜಗಲಿ ಹತ್ತುವಂತಿರಲಿಲ್ಲ, ಬೀದಿಯಲ್ಲೇ ನಿಂತು ಕೇಳಬೇಕಿತ್ತು. ಇದನ್ನು ಮುಚ್ಚಿಟ್ಟು ಸಂಘದ ಕಥೆ ಹೇಳಲು ನನಗಿಷ್ಟವಿಲ್ಲ. ಆ ಕಟ್ಟು ಮುರಿದದ್ದು ಕುರುಕ್ಷೇತ್ರ ನಾಟಕದಿಂದ. ಕರ್ಣನ ಪಾತ್ರಕ್ಕೆ ಬೇಕಾದ ಕಂಠ ಇದ್ದದ್ದು ಕೇರಿಯ ಹುಡುಗನಿಗೆ. ಅವನಿಲ್ಲದೆ ತಾಲೀಮು ನಡೆಸಲ್ಲ ಅಂದುಬಿಟ್ಟರು ಹಾರ್ಮೋನಿಯಂ ಮೇಷ್ಟ್ರು. ಮೂರು ತಿಂಗಳು, ರಾತ್ರಿ ಊಟ ಆದಮೇಲೆ, ಎಲ್ಲರೂ ಒಂದೇ ನೆಲದ ಮೇಲೆ ಕೂತರು. ಆಮೇಲೆ ಯಾರನ್ನೂ ಹೊರಗೆ ನಿಲ್ಲಿಸಲು ಯಾರಿಗೂ ಬಾಯಿ ಬರಲಿಲ್ಲ.

ಈಗ ಊರಲ್ಲಿ ಜಾತಿಗೊಂದು ಭವನ ಇದೆ. ಮದುವೆ ಇಲ್ಲದಾಗ ಖಾಲಿ. ಎಲ್ಲರದೂ ಆಗಿದ್ದ ಮನೆಯಲ್ಲಿ ಸಿಮೆಂಟ್ ಮೂಟೆ ತುಂಬಿದೆ. ಆರೇಳು ಹೆಂಚು ಒಡೆದು, ಮಳೆ ನೀರು ಹಾರ್ಮೋನಿಯಂ ಇಡುತ್ತಿದ್ದ ಗೂಡಿಗೇ ಇಳಿಯುತ್ತದೆ. ಗೋಡೆ ಇನ್ನೂ ಗಟ್ಟಿ. ತೊಲೆಗೆ ಗೆದ್ದಲು ಹತ್ತಿಲ್ಲ, ನಾನೇ ಏಣಿ ಹಾಕಿ ನೋಡಿದ್ದೇನೆ.

ಹೊಸ ಭವನದ ದುಡ್ಡಲ್ಲಿ ಸ್ವಲ್ಪ ಇದಕ್ಕೆ ಕೊಡಿ. ಹೆಂಚು ಹೊದಿಸಿ, ಕರೆಂಟ್ ಹಾಕಿಸಿ. ಪಂಚಾಯಿತಿಯ ಅರಿವು ಕೇಂದ್ರವನ್ನು, ಅಂದರೆ ಗ್ರಂಥಾಲಯವನ್ನು, ಇಲ್ಲಿಗೇ ತಂದರೆ ಪೊಲೀಸ್ ಪರೀಕ್ಷೆಗೆ ಓದುವ ನಮ್ಮ ಮಕ್ಕಳು ಬಸ್ ಸ್ಟಾಂಡಿನ ಕಟ್ಟೆ ಮೇಲೆ ಕೂರಬೇಕಾಗಿಲ್ಲ. ರಾತ್ರಿ ನಾಟಕದ ತಾಲೀಮಿಗೆ ಬಿಡಿ.

ಕರ್ಣನ ಪಾತ್ರ ಮಾಡಿದವರಿಗೆ ಈಗ ಎಂಬತ್ತು ದಾಟಿದೆ. ಬೀಗ ಅವರ ಕೈಯಿಂದಲೇ ತೆಗೆಸಬೇಕು ಅಂತ ಊರವರ ಆಸೆ. ದಯವಿಟ್ಟು ಈ ಮಳೆಗಾಲಕ್ಕೆ ಮುಂಚೆ ಬನ್ನಿ.

ಇಂತಿ,
ಮದ್ದೂರು ತಾಲ್ಲೂಕಿನ ನಿಮ್ಮ ಒಬ್ಬ ಮತದಾರ